ಒಂಬತ್ತು ಚರ್ಚುಗಳ ಲೆಕ್ಕ

ಆಗಸ್ಟ್ 22, ಮಂಗಳವಾರ

ಹಡಗು ಒಂಬತ್ತಕ್ಕೆ ಬಂತು. ನನ್ನ ಬಸ್ಸಿಗೆ ಮೂವತ್ತೆಂಟು ಜನ. ಎಲ್ಲರ ಕೊರಳಲ್ಲೂ ಹಸಿರು ಬಿಲ್ಲೆ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಶೌಚಾಲಯ ಎಲ್ಲಿ. ಇಪ್ಪತ್ತೊಂದು ವರ್ಷದಿಂದ ಲೋರಿಂಗ್ ಪಾಯಿಂಟ್ ತೋರಿಸುತ್ತಿದ್ದೇನೆ. ಊರಿನ ಇತಿಹಾಸವನ್ನೆಲ್ಲ ಮೂರು ಗಂಟೆಯಲ್ಲಿ ಮುಗಿಸಿ, ನಡುವೆ ಐಸ್‌ಕ್ರೀಮಿಗೆ ಇಪ್ಪತ್ತು ನಿಮಿಷ ಬಿಟ್ಟು, ಯಾರನ್ನೂ ಕಳೆದುಕೊಳ್ಳದೆ ವಾಪಸ್ ಹಡಗು ಹತ್ತಿಸುವುದು ಹುಡುಗಾಟವಲ್ಲ. ಅದು ಪ್ರವಾಸ ಕಚೇರಿಯ ಬ್ರಿನ್‌ಗೆ ಹೇಗೆ ಗೊತ್ತಾಗಬೇಕು? ಅವಳು ಈ ಊರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಮಿಸಿಸಿಪ್ಪಿ ನದಿಯನ್ನು ಈಗಲೂ "ವಾಟರ್‌ಫ್ರಂಟ್" ಅನ್ನುತ್ತಾಳೆ.

"ಆರ್ಡಿಸ್, ಗುಂಡಿ ಕಾರ್ಖಾನೆ ಹತ್ರ ಹನ್ನೊಂದು ನಿಮಿಷ ತಗೊಂಡ್ರಿ. ಏಳಕ್ಕೆ ಇಳಿಸ್ತೀರಾ?"

"ಏಳು ನಿಮಿಷದಲ್ಲಿ ನನ್ ವಯಸ್ಸಿನೋರಿಗೆ ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲಮ್ಮ," ಅಂದೆ.

ನಕ್ಕಳು. ನಗುವಾಗಲೂ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಮುಂದಿನ ಬೇಸಿಗೆಗೆ ಯಾವುದೋ ನಟನ ದನಿಯನ್ನು ಫೋನಿಗೇ ತುಂಬಿಸುತ್ತಾರಂತೆ, ಆಮೇಲೆ ಬಸ್ಸಿನಲ್ಲಿ ನಿಂತು ಹೇಳುವವರು ಬೇಕೋ ಬೇಡವೋ ನೋಡುತ್ತಾರಂತೆ. ಎಪ್ಪತ್ತು ತುಂಬಿದವಳಿಗೆ ಇದನ್ನು ನಗುನಗುತ್ತಾ ಹೇಳಿದರೆ ನೋವಾಗುವುದಿಲ್ಲ ಎಂದು ಯಾರೋ ಕಲಿಸಿಕೊಟ್ಟಿರಬೇಕು. ಗಂಡ ಡೆಲ್ಬರ್ಟ್ ತೀರಿಹೋದ ಮೇಲೆ ನನ್ನನ್ನು ಮನೆಯಿಂದ ಹೊರಗೆ ಎಳೆಯುವುದು ಇದೊಂದೇ ಕೆಲಸ.

ಕೊನೆಯ ನಿಲ್ದಾಣಕ್ಕೆ ಮಾತ್ರ ಅವಳು ಕೈ ಹಾಕುವುದಿಲ್ಲ. ಹಳೇ ಸುಂಕದ ಕಟ್ಟೆಯ ಗೋಡೆ. ಪ್ರವಾಹ ಬಂದ ವರ್ಷಗಳ ಗೆರೆಗಳು, ಎಲ್ಲಕ್ಕಿಂತ ಮೇಲೆ ಸಾವಿರದ ಒಂಬೈನೂರ ಅರವತ್ತೈದರ ಗೆರೆ, ಅದರ ಕೆಳಗೆ ಕಂಚಿನ ಫಲಕ. ನಾನು ಓದುತ್ತೇನೆ: "ನದಿ ನಮ್ಮ ಮನೆಗಳನ್ನು ಒಯ್ದಿತು, ಒಂದು ಜೀವವನ್ನೂ ಒಯ್ಯಲಿಲ್ಲ. ರೈನ್‌ಹೋಲ್ಡ್ ಆಲರ್ಸ್, ಕಾರ್ಯದರ್ಶಿ, ಪರಿಹಾರ ಸಮಿತಿ." ಒಂದು ಉಸಿರು ಬಿಡುತ್ತೇನೆ. "ಅವರು ನನ್ನ ಅಪ್ಪ." ಆಗ ಚಪ್ಪಾಳೆ ಬೀಳುತ್ತದೆ. ಇವತ್ತೂ ಬಿತ್ತು. ಫೋನಿನ ನಟನಿಗೆ ಇದು ಹೇಗೆ ಬರುತ್ತದೋ ನೋಡೋಣ.

ಆಗಸ್ಟ್ 24, ಗುರುವಾರ

ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ಆರುವುದಿಲ್ಲ.

ಗೋಡೆಯ ಹತ್ತಿರ ಬಸ್ಸು ನಿಲ್ಲುವ ಮೊದಲೇ ಅಲ್ಲೊಬ್ಬ ಹೆಂಗಸು ನಿಂತಿದ್ದಳು. ಗಂಡಸರ ಕೋಟು, ಕೂದಲು ಹಿಂದಕ್ಕೆ ಬಿಗಿದು ಕಟ್ಟಿದ್ದಳು, ಅರವತ್ತು ದಾಟಿದ ವಯಸ್ಸು. ಹಡಗಿನವಳಲ್ಲ, ಕೊರಳಲ್ಲಿ ಬಿಲ್ಲೆ ಇರಲಿಲ್ಲ. ನಾನು ಫಲಕ ಓದಿದೆ, ಉಸಿರು ಬಿಟ್ಟೆ, ಅಪ್ಪನ ಮಾತು ಹೇಳುವಷ್ಟರಲ್ಲಿ ಅವಳು ಕೈ ಎತ್ತಿದಳು, ಶಾಲೆಯ ಮಕ್ಕಳ ಹಾಗೆ.

"ಮೇಡಮ್, ಒಂದು ಜೀವಾನೂ ಒಯ್ಯಲಿಲ್ಲ ಅಂದ್ರಲ್ಲ, ಎಣಿಸಿದ್ದು ಯಾರು?"

ಫಲಕ ತೋರಿಸಿದೆ.

"ಹಾಗಾದ್ರೆ ಅವರ ಪಟ್ಟೀಲಿ ಏಮೋಸ್ ಪಿಕೆಟ್ ಅಂತ ಇದ್ಯಾ ನೋಡಿ ಹೇಳ್ತೀರಾ? ನಮ್ಮಪ್ಪ. ಇಲ್ಲೇ ಕೆಳಗೆ, ಹಿನ್ನೀರಿನ ಬಾಯಲ್ಲಿ ದೋಣಿಮನೆ ಕಟ್ಕೊಂಡಿದ್ದ."

"ನೀವು ಬೇರೆ ಯಾವುದೋ ಊರಿಗೆ ಹೋಗೋಕೆ ಹೊರಟು ಇಲ್ಲಿಗೆ ಬಂದಿದೀರಿ," ಅಂದೆ.

"ಇಲ್ಲ ಮೇಡಮ್. ಇದೇ ಊರು. ಈ ಗೋಡೆ ನನಗೆ ಚೆನ್ನಾಗಿ ಗೊತ್ತು."

ಮೂವತ್ತಾರು ಜನ ಟೆನಿಸ್ ಆಟ ನೋಡುವವರ ಹಾಗೆ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದರು. ಒಬ್ಬ ಫೋನಿನಲ್ಲಿ ಹಿಡಿದುಕೊಂಡ. ಚಪ್ಪಾಳೆ ಬರಲಿಲ್ಲ. ಆ ಹೆಂಗಸು ತನ್ನ ಹೆಸರು ವನೀಟಾ ಎಂದೂ, ನದಿಯ ಆಚೆ ಇಲಿನಾಯ್ ಕಡೆ ಇರುವುದೆಂದೂ ಹೇಳಿ, ನನ್ನ ವಿಳಾಸ ಕೇಳಿದಳು. ಕೊಡಲಿಲ್ಲ. ಪ್ರವಾಸ ಕಚೇರಿಗೆ ಬರೆಯಿರಿ ಅಂದೆ.

ಏಮೋಸ್ ಪಿಕೆಟ್. ಅಂಥ ಹೆಸರು ನಾನು ಕೇಳಿದ್ದೇ ಇಲ್ಲ.

ಆಗಸ್ಟ್ 26, ಶನಿವಾರ

ಅಂಗಡಿಯಲ್ಲಿ ಕ್ಯಾಟ್‌ಫಿಶ್ ಮೀನು ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟು ಬಂದೆ. ತಾಜಾ ಇರಲಿಲ್ಲ.

ಸೆಪ್ಟೆಂಬರ್ 5, ಮಂಗಳವಾರ

ಕಚೇರಿಗೆ ನನ್ನ ಹೆಸರಿನಲ್ಲಿ ಒಂದು ಲಕೋಟೆ ಬಂದಿತ್ತು. ಆ ಹೆಂಗಸಿನದೇ. ಒಳಗೆ ನದಿಯ ಕೆಳಹರಿವಿನ ಕೌಂಟಿಯ, ಅಂದರೆ ಪಕ್ಕದ ಜಿಲ್ಲೆಯ, ಹಳೇ ಮರಣ ದಾಖಲೆಯ ನಕಲು. 1965, ಜೂನ್ 11. ಅಣೆಕಟ್ಟಿನ ಗೇಟಿನಲ್ಲಿ ಸಿಕ್ಕ ಗಂಡಸಿನ ಹೆಣ, ಹೆಸರು ಗೊತ್ತಿಲ್ಲ, ವಯಸ್ಸು ನಲವತ್ತೈದರಿಂದ ಐವತ್ತು, ನೀರಿನಲ್ಲಿ ಆರು ವಾರ ಇದ್ದಿರಬಹುದು. ಎಡಗೈಯ ಕೊನೆಯ ಎರಡು ಬೆರಳು ಬುಡದಿಂದ ಇಲ್ಲ, ಹಳೆಯ ಗಾಯ. ಕೌಂಟಿಯ ನೆಲದಲ್ಲಿ ಹೂಳಿದ್ದಾರೆ, ಮೂವತ್ತೊಂದನೇ ಗುಳಿ.

ಅವಳ ಕಾಗದ ಚಿಕ್ಕದು. ನೀರು ಏರುವ ಮೊದಲು ಅಮ್ಮ ತನ್ನನ್ನು ಕರೆದುಕೊಂಡು ಇಲಿನಾಯ್‌ನ ದೊಡ್ಡಮ್ಮನ ಮನೆಗೆ ಹೋದಳು, ಆಗ ತನಗೆ ಆರು ವರ್ಷ, ಅಪ್ಪ ದೋಣಿಯನ್ನು ಬಿಟ್ಟು ಬರಲಿಲ್ಲ. ಈ ದಾಖಲೆ ಸಿಗಲು ಹನ್ನೊಂದು ವರ್ಷ ಹುಡುಕಿದಳಂತೆ. "ನನಗೆ ಬೇರೇನೂ ಬೇಡ. ಆ ಫಲಕದಲ್ಲಿ ಅವನ ಹೆಸರು ಬರಬೇಕು. ಅಲ್ಲಿಯವರೆಗೆ ನೀವು ಆ ಮಾತನ್ನು ಹೇಳಬೇಡಿ."

ಬೆರಳಿಲ್ಲದಿದ್ದರೆ ಏನಾಯಿತು? ಈ ಊರಿನಲ್ಲಿ ಆ ಕಾಲದ ಅರ್ಧ ಗಂಡಸರಿಗೆ ಬೆರಳಿರಲಿಲ್ಲ. ನದಿಯ ಕಪ್ಪೆಚಿಪ್ಪನ್ನು ಕೊರೆದು ಗುಂಡಿ ತೆಗೆಯುವ ಯಂತ್ರ ಚಿಪ್ಪಿಗೂ ಕೈಗೂ ಭೇದ ಮಾಡುತ್ತಿರಲಿಲ್ಲ. ಇದನ್ನು ನಾನೇ ಬಸ್ಸಿನಲ್ಲಿ ಹೇಳುತ್ತೇನೆ, ಜನ "ಅಯ್ಯೋ" ಅನ್ನುತ್ತಾರೆ. ಆದರೂ ಉಳಿದ ಮೂರೇ ಬೆರಳಲ್ಲಿ ಮೀನಿನ ಕಿವಿರಿಗೆ ದಾರ ಪೋಣಿಸಿ, ಒಂದೇ ಸಲಕ್ಕೆ ಗಂಟು ಹಾಕಿ, ಮೆಟ್ಟಿಲ ಕಂಬಿಗೆ ನೇತುಹಾಕುವುದು ಎಷ್ಟು ಚುರುಕಾಗಿ ನಡೆಯುತ್ತಿತ್ತೆಂದರೆ ನೋಡುತ್ತಲೇ ಇರಬೇಕು ಅನಿಸುತ್ತಿತ್ತು.

ಇದನ್ನು ಎಲ್ಲೋ ಓದಿದ್ದಿರಬೇಕು.

ಸೆಪ್ಟೆಂಬರ್ 6, ಬುಧವಾರ

ಕಾಗದವನ್ನು ಬ್ರಿನ್‌ಗೆ ತೋರಿಸಿದೆ. ನನ್ನ ತಲೆನೋವು ಅವಳ ತಲೆಗೆ ಹೋಗಲಿ ಎಂದು. ಅವಳು ಎರಡು ಸಲ ಓದಿದಳು, ಕಣ್ಣಲ್ಲಿ ನೀರು ಕೂಡ ಬಂತು. ಆಮೇಲೆ ಹೇಳಿದಳು:

"ಆರ್ಡಿಸ್, ಇದು ತುಂಬಾ ಚೆನ್ನಾಗಿದೆ. ಅಕ್ಟೋಬರ್‌ನ ದೆವ್ವದ ಕತೆ ಹೇಳೋ ರಾತ್ರಿ ನಡಿಗೆಗೆ ಹಾಕ್ಬಹುದು. ಗುಹೆಗಳನ್ನ ತೋರಿಸಾದ್ಮೇಲೆ ಹಿನ್ನೀರಿನ ಕಡೆ ಲಾಟೀನ್ ಹಿಡ್ಕೊಂಡು ಒಬ್ಬ ಮೀನುಗಾರ..."

"ಮೂರು ಬೆರಳಿನೋನು," ಅಂದೆ, ಚುಚ್ಚಲೆಂದೇ.

"ಹೌದು! ಮೂರು ಬೆರಳು!" ಬರೆದುಕೊಂಡಳು.

"ಮತ್ತೆ ಗೋಡೆ ಹತ್ರ ನಾನೇನು ಹೇಳ್ಲಿ?"

"ಅಲ್ಲಿ ಇದ್ದಂಗೇ ಹೇಳಿ. ಅದು ಖುಷಿಯಾಗಿ ಮುಗೀಬೇಕು, ಜನ ಅಭಿಪ್ರಾಯದ ಕಾರ್ಡು ತುಂಬೋದು ಅದಾದ ತಕ್ಷಣ ಅಲ್ವಾ."

ಸತ್ತವನನ್ನು ಫಲಕಕ್ಕೆ ಸೇರಿಸಲಾರರು, ದೆವ್ವ ಮಾಡಿ ಟಿಕೆಟ್ ಹರಿಯಬಲ್ಲರು. ನಾನು ಆ ಹೆಂಗಸಿನ ಪರ ಅಂತಲ್ಲ. ಆದರೂ ಇದು ಅಸಹ್ಯ.

ಸೆಪ್ಟೆಂಬರ್ 10, ಭಾನುವಾರ

ಪ್ರಾರ್ಥನೆ ಮುಗಿಸಿ ವೆಸ್‌ನ ಮನೆಯಲ್ಲಿ ಊಟ. ನನಗಿಂತ ಐದು ವರ್ಷ ದೊಡ್ಡವನು ನನ್ನ ಅಣ್ಣ, ನಗರಸಭೆಯಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದಾನೆ, ಊಟದ ಮೇಜನ್ನೂ ಸಭೆ ಅಂದುಕೊಂಡಿದ್ದಾನೆ. ಹಂದಿಮಾಂಸ ಒಣಗಿತ್ತು. ಪಿಕೆಟ್ ಹೆಂಗಸು ಅವನಿಗೂ ಬರೆದಿದ್ದಾಳೆ.

"ಐವತ್ತೆಂಟು ವರ್ಷ ಆದ್ಮೇಲೆ ಬಂದು ಅಪ್ಪನ ಮುಖಕ್ಕೆ ಮಸಿ ಬಳೀತಾಳಂತೆ," ಅಂದ. "ಯಾವನೋ ಕುಡುಕ, ನದೀಲಿ ಬಿದ್ದಿರ್ತಾನೆ."

"ಕುಡೀತಿರ್ಲಿಲ್ಲ," ಅಂದೆ.

"ನಿಂಗ್ಹೇಗೆ ಗೊತ್ತು?"

"ಅವಳು ಕಾಗದದಲ್ಲಿ ಬರೆದಿದಾಳೆ."

ಬರೆದಿಲ್ಲ. ಈಗ ಮತ್ತೆ ತೆಗೆದು ನೋಡಿದೆ.

ವೆಸ್ ಹೇಳುವುದರಲ್ಲಿ ಒಂದು ಮಾತು ನಿಜ. ಅಪ್ಪ ಸುಳ್ಳು ಹೇಳುವವರಲ್ಲ. ಅವರು ಮಾಡಿದ ಲೆಕ್ಕವನ್ನು ಎದುರಿಗೆ ಕೂತು ನೋಡಿದವಳು ನಾನು. ಒಡ್ಡು ಒಡೆದು ಕೆಳಗಿನ ಬೀದಿಗಳೆಲ್ಲ ಮುಳುಗಿ, ಜನ ಗುಡ್ಡದ ಮೇಲಿನ ಮನೆಗಳಲ್ಲಿ, ಶಾಲೆಯಲ್ಲಿ, ಎಲ್ಲೆಂದರಲ್ಲಿ ಸೇರಿಕೊಂಡಿದ್ದಾಗ ಯಾರಿದ್ದಾರೆ ಯಾರಿಲ್ಲ ಎಂದು ತಿಳಿಯುವುದು ಹೇಗೆ? ಅಪ್ಪನಿಗೆ ಹೊಳೆಯಿತು: ಪ್ರತಿ ಚರ್ಚೂ ತನ್ನ ಕುಟುಂಬಗಳ ಪಟ್ಟಿ ಹಿಡಿದು ಹೆಸರು ಕೂಗಲಿ, ಎಲ್ಲ ಹೆಸರಿಗೂ ಉತ್ತರ ಬಂದ ಮೇಲೆ ಗಂಟೆ ಬಾರಿಸಲಿ. ಕ್ಯಾಥೊಲಿಕರು, ಮೆಥಡಿಸ್ಟರು, ಒಬ್ಬರ ಮುಖ ಒಬ್ಬರು ನೋಡದ ಎರಡು ಲೂಥರನ್ ಚರ್ಚುಗಳು, ಒಟ್ಟು ಒಂಬತ್ತು. ಮೇ ಎರಡನೇ ತಾರೀಕು ಭಾನುವಾರ ಬೆಳಿಗ್ಗೆಯಿಂದ ನಾನು ಸೈಕಲ್ ತುಳಿದು ಚರ್ಚಿನಿಂದ ಚರ್ಚಿಗೆ ಹೋಗಿ ಪಾದ್ರಿಗಳ ಚೀಟಿ ತಂದು ಅಪ್ಪನ ಮೇಜಿನ ಮೇಲೆ ಇಡುತ್ತಿದ್ದೆ. ನನಗಾಗ ಹನ್ನೆರಡು. ಒಂದೊಂದೇ ಗಂಟೆ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಮೊಳಗುತ್ತಿದ್ದವು. ಗಂಡಸರು ಬೀದಿಯಲ್ಲಿ ನಿಂತು ಅತ್ತರು. ಇವತ್ತಿಗೂ ಮೇ ತಿಂಗಳ ಮೊದಲ ಭಾನುವಾರ ಹಾಗೇ ಬಾರಿಸುತ್ತೇವೆ, ನೋಡಲು ಶಿಕಾಗೋದಿಂದ ಜನ ಬರುತ್ತಾರೆ.

ಇಷ್ಟು ಶ್ರದ್ಧೆಯಿಂದ ಎಣಿಸಿದ ಊರು ಇನ್ನೊಂದನ್ನು ತೋರಿಸಲಿ.

ಪಿಕೆಟ್‌ನವರು ಯಾವ ಚರ್ಚಿಗೂ ಹೋಗುತ್ತಿರಲಿಲ್ಲ.

ಸೆಪ್ಟೆಂಬರ್ 19, ಮಂಗಳವಾರ

ಸಂಜೆ ನಗರಸಭೆ. ಹೋಗುವ ಮನಸ್ಸಿರಲಿಲ್ಲ, ವೆಸ್ ಬಲವಂತ ಮಾಡಿದ. ಆಲರ್ಸ್ ಮನೆತನ ಮುಂದಿನ ಸಾಲಿನಲ್ಲಿ ಕೂರಬೇಕಂತೆ. ಮೊದಲ ನಲವತ್ತು ನಿಮಿಷ ಎರಡನೇ ಬೀದಿಯ ಹೂಕುಂಡಗಳ ಬಣ್ಣದ ಚರ್ಚೆ. ಆಮೇಲೆ ಮಿಸೆಸ್ ಟಿಬೆಟ್ಸ್‌ರನ್ನು ಕರೆದರು, ಅದು ವನೀಟಾಳ ಗಂಡನ ಕಡೆಯ ಹೆಸರು. ಅದೇ ಕೋಟು. ಕೈಯಲ್ಲಿ ಕಾಗದ ಇತ್ತು, ಆದರೆ ಓದಲಿಲ್ಲ.

"ಹತ್ತೊಂಬತ್ತು ವರ್ಷ ಅವನು ನಿಮ್ಮ ದಂಡೆಗೆ ಹಗ್ಗ ಕಟ್ಟಿ ಬದುಕಿದ. ನಿಮ್ಮ ಕಾರ್ಖಾನೇಲಿ ಬೆರಳು ಕೊಟ್ಟ. ನಿಮ್ಮ ಅಡುಗೆಮನೆಗಳಿಗೆ ಮೀನು ಕೊಟ್ಟ. ಅವನನ್ನ ಒಬ್ಬ ಅಂತ ಎಣಿಸಿ. ಅಷ್ಟೇ."

ವೆಸ್ ಕನ್ನಡಕ ಸರಿಮಾಡಿಕೊಂಡ. "ಅವರಿಗೆ ಮನೆ ಅಂತ ಒಂದು ವಿಳಾಸ ಇತ್ತಾ, ಅಮ್ಮ?"

"ದೋಣಿಗೆ ವಿಳಾಸ ಎಲ್ಲಿರತ್ತೆ?"

"ಮತದಾರರ ಪಟ್ಟೀಲಿ ಹೆಸರು?"

"ಇಲ್ಲ."

"ಯಾವ ಚರ್ಚು?"

ಅವಳು ಕೈಯಲ್ಲಿದ್ದ ಕಾಗದವನ್ನು ಮಡಿಸಿದಳು. ಆ ಪ್ರಶ್ನೆಯನ್ನು ಅವನು ಅಪ್ಪನ ದನಿಯಲ್ಲೇ ಕೇಳಿದ, ಅದೇ ನಿಧಾನ, ಅದೇ ಸೌಜನ್ಯ.

ಕೊನೆಗೆ ದೊಡ್ಡ ಮನಸ್ಸು ಮಾಡಿದರು. ಹಳೇ ಫಲಕವನ್ನು ಮುಟ್ಟುವುದಿಲ್ಲ. ಹಿನ್ನೀರಿನ ಕಡೆ ಬೆಂಚಿನ ಹತ್ತಿರ ಒಂದು ಚಿಕ್ಕ ಹಲಗೆ: "1965ರಲ್ಲಿ ಇಲ್ಲಿ ಹಾದುಹೋಗುತ್ತಿದ್ದ ಒಬ್ಬ ಅಪರಿಚಿತನ ನೆನಪಿಗೆ."

"ಹಾದುಹೋಗ್ತಿದ್ದ?" ಅಂದಳು. "ಅಪರಿಚಿತ?"

ಚರ್ಚೆಯನ್ನು ನವೆಂಬರ್‌ಗೆ ಮುಂದೂಡಿದರು.

ಹೊರಗೆ ಮೆಟ್ಟಿಲ ಹತ್ತಿರ ಅವಳು ನನ್ನ ಪಕ್ಕದಲ್ಲಿ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. "ನಾನು ನಿಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರ್ತಿದ್ದೆ," ಅಂದಳು. "ಅಪ್ಪ ನಿಮ್ಮಮ್ಮನ ಜೊತೆ ಮೀನಿನ ವ್ಯಾಪಾರ ಮಾಡೋವಾಗ ನೀವು ಬ್ರೆಡ್ಡಿಗೆ ಬೆಣ್ಣೆ ಸಕ್ಕರೆ ಹಚ್ಚಿ ಕೊಡ್ತಿದ್ರಿ. ನೀವೇ ಅಲ್ವಾ?"

"ನೆನಪಿಲ್ಲ," ಅಂದೆ.

ಅವಳು ನಕ್ಕಳು. "ಬೆಣ್ಣೆ ದಪ್ಪ ಹಚ್ತಿದ್ರಿ."

ಸೆಪ್ಟೆಂಬರ್ 21, ಗುರುವಾರ

ಹಡಗು. ನಲವತ್ತು ಜನ. ಚಪ್ಪಾಳೆ ಬಿತ್ತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೆ. ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ.

ಸೆಪ್ಟೆಂಬರ್ 26, ಮಂಗಳವಾರ

ಫಲಕ ಓದದೆ ಗೆರೆಗಳನ್ನಷ್ಟೇ ತೋರಿಸಿದೆ. ಗಂಟಲು ಕಟ್ಟಿದೆ ಎಂದು ಬ್ರಿನ್‌ಗೆ ಹೇಳಿದೆ. ಜೇನು ಹಾಕಿದ ಬಿಸಿನೀರು ಕುಡಿಯಿರಿ ಅಂದಳು.

ಅಕ್ಟೋಬರ್ 3, ಮಂಗಳವಾರ

ಇವತ್ತು ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗೋಡೆಯ ಹತ್ತಿರ ಮತ್ತೆ ಗೆರೆಗಳನ್ನಷ್ಟೇ ತೋರಿಸಿ ಬಸ್ಸಿಗೆ ಹೊರಡಿಸುತ್ತಿದ್ದೆ. ಟೆಕ್ಸಸ್‌ನವನೊಬ್ಬ, ಅಗಲ ಟೋಪಿ, ಒಳ್ಳೆಯ ಮನುಷ್ಯನೇ, ಕೇಳಿದ: "ಇಷ್ಟೆತ್ತರ ನೀರು ಬಂದಿದ್ದಕ್ಕೆ ಎಷ್ಟು ಜನ ಸತ್ತರು ಮೇಡಮ್?" ಬೆನ್ನ ಹಿಂದೆಯೇ ಫಲಕ. ಅವನ ಹೆಂಡತಿ ಅದನ್ನು ಓದುತ್ತಾ ತುಟಿ ಆಡಿಸುತ್ತಿದ್ದಳು.

"ಒಬ್ಬ," ಅಂದೆ.

"ಇಲ್ಲಿ ಯಾರೂ ಇಲ್ಲ ಅಂತ ಬರೆದಿದೆಯಲ್ಲ," ಅಂದಳು ಹೆಂಡತಿ.

"ಅದು ತಪ್ಪು. ಏಮೋಸ್ ಪಿಕೆಟ್ ಅಂತ. ಮೀನು ಹಿಡೀತಿದ್ದ. ಮೊದಲು ಗುಂಡಿ ಕಾರ್ಖಾನೇಲಿ ಚಿಪ್ಪು ಕೊರೀತಿದ್ದ, ಎರಡು ಬೆರಳು ಹೋದ ಮೇಲೆ ಬಿಡಿಸಿದ್ರು. ಶುಕ್ರವಾರ ಶುಕ್ರವಾರ ನಮ್ಮ ಮನೆಗೆ ಬರ್ತಿದ್ದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಕೊಂಡೇ ನಮ್ಮಮ್ಮನ ಹತ್ರ ಮಾತಾಡ್ತಿದ್ದ. ಮನೆ ಒಳಗೆ ಯಾರೂ ಕರೆದಿರ್ಲಿಲ್ಲ."

ಅಗಲ ಟೋಪಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹಿಂದಿನಿಂದ ಒಬ್ಬಾಕೆ ಕೇಳಿದಳು, ಐಸ್‌ಕ್ರೀಮ್ ಅಂಗಡಿ ವಾಪಸ್ ಹೋಗುವಾಗ ಸಿಗುತ್ತದಾ, ಇಲ್ಲ ಈಗಲೇ ಹೋಗಬೇಕಾ ಎಂದು.

ಬಾಯಿ ತಪ್ಪಿ ಬಂದದ್ದು. ವಯಸ್ಸಾಯಿತು, ಅಷ್ಟೇ.

ಅಕ್ಟೋಬರ್ 5, ಗುರುವಾರ

ಅಭಿಪ್ರಾಯದ ಕಾರ್ಡುಗಳಲ್ಲಿ ಆರು ಕಾರ್ಡು ನನ್ನ ಮೇಲೆ. "ವಿಷಯ ಗೊತ್ತಿದೆ, ಆದರೆ ಕೊನೆಗೆ ಮನಸ್ಸು ಭಾರವಾಯಿತು." "ರಜೆಯಲ್ಲಿ ಬೇಕಿರಲಿಲ್ಲ." ಬ್ರಿನ್ ಓದಿ ಹೇಳಿದಳು, ಪಾಪ, ಅವಳಿಗೇ ಕಷ್ಟವಾಗುತ್ತಿತ್ತು. ಈ ಋತುವಿನಲ್ಲಿ ಉಳಿದ ಹಡಗುಗಳಿಗೆ ನಾನು ಬೇಡ. ಮುಂದಿನ ಬೇಸಿಗೆ ನೋಡೋಣ.

"ನಿಮ್ಮಣ್ಣನೂ ಫೋನ್ ಮಾಡಿದ್ರು," ಅಂದಳು.

"ಅವನು ಮಾಡೇ ಮಾಡ್ತಾನೆ."

"ಆರ್ಡಿಸ್, ಒಂದು ಸಲ ಸಾರಿ ಅಂತ ಬರೆದು ಕೊಟ್ಟುಬಿಡಿ. ತಪ್ಪಾಗಿ ಹೇಳಿದೆ ಅಂತ. ನಾನು ಸರಿಮಾಡ್ತೀನಿ."

ನನ್ನ ಹತ್ತನೇ ನಂಬರಿನ ಬೋರ್ಡು, ಜನ ದೂರದಿಂದ ನೋಡಿ ಹಿಂದೆ ಬರಲಿ ಎಂದು ಕೋಲಿನ ತುದಿಗೆ ಕಟ್ಟಿದ್ದು, ಅವಳ ಮೇಜಿನ ಮೇಲೆ ಇಟ್ಟು ಬಂದೆ. ಸುಳ್ಳು ಬರೆದು ಕೊಡು ಎಂದು ಇಪ್ಪತ್ತೊಂಬತ್ತು ವರ್ಷದ ಹುಡುಗಿಯಿಂದ ಹೇಳಿಸಿಕೊಂಡೆ. ಹಡಗಿನವರಿಗೆ ಇಪ್ಪತ್ತೊಂದು ವರ್ಷ ಬಾಯಲ್ಲಿ ಹೇಳಿದ್ದು ಬೇರೆ ಮಾತು.

ಅಕ್ಟೋಬರ್ 12, ಗುರುವಾರ

ಹಡಗಿನ ಶಿಳ್ಳೆ ಕೇಳಿತು. ಕಿಟಕಿಗೆ ಹೋಗಲಿಲ್ಲ.

ಮನೆಯಲ್ಲಿ ಕೂತರೆ ತಲೆ ಸುಮ್ಮನಿರುವುದಿಲ್ಲ. ಅರವತ್ತೈದರ ಏಪ್ರಿಲ್ ಇಪ್ಪತ್ತೊಂಬತ್ತು, ಆ ಗುರುವಾರ ಬೆಳಿಗ್ಗೆ, ನಾನು ಗುಡ್ಡದ ಅಂಚಿನಲ್ಲಿದ್ದೆ. ಅಮ್ಮ ಹಾಲಿನ ಪಾತ್ರೆ ಕೊಟ್ಟು ಶಾಲೆಗೆ ಕಳಿಸಿದ್ದರು, ಅಲ್ಲಿ ಕೆಳಗಿನ ಬೀದಿಯ ಮಕ್ಕಳಿದ್ದರು. ನದಿ ಆಚೆಯ ದಂಡೆಯೇ ಕಾಣದಷ್ಟು ಅಗಲವಾಗಿತ್ತು. ಮರದ ತುಂಡು, ಕೋಳಿಗೂಡು, ಯಾರದೋ ಮೆಟ್ಟಿಲು ತೇಲುತ್ತಿದ್ದವು. ಅವುಗಳ ನಡುವೆ ಆ ದೋಣಿಮನೆಯೂ ಹೋಯಿತು. ಹಸಿರು ಬಾಗಿಲು, ನನಗೆ ಗೊತ್ತಿದ್ದ ಬಾಗಿಲು. ಚಾವಣಿಯ ತಗಡಿನ ಕೊಳವೆಯಿಂದ ಹೊಗೆ ಬರುತ್ತಿತ್ತು. ಒಲೆ ಉರಿಯುತ್ತಿತ್ತು ಅಂದರೆ ಒಳಗೆ ಜನ ಇದ್ದರು. ಅದು ತಿಳಿಯಲು ದೊಡ್ಡ ಬುದ್ಧಿ ಬೇಕಿಲ್ಲ, ಹನ್ನೆರಡು ವರ್ಷ ಸಾಕು.

ಹಾಲು ಚೆಲ್ಲದಂತೆ ಹುಷಾರಾಗಿ ನಡೆದುಕೊಂಡು ಶಾಲೆಗೆ ಹೋದೆ.

ನವೆಂಬರ್ 2, ಗುರುವಾರ

ವನೀಟಾ ಫೋನ್ ಮಾಡಿ ಕರೆದಿದ್ದಳು. ಗೋಡೆಯ ಹತ್ತಿರ ನಾನು ಹೇಳಿದ್ದು ಹೇಗೋ ಅವಳ ಕಿವಿಗೆ ಬಿದ್ದಿದೆ. ಸೇತುವೆ ದಾಟಿ ಹೋದೆ. ಚಿಕ್ಕ ಮನೆ, ಅಡುಗೆಮನೆಯಲ್ಲಿ ಸೇಬಿನ ಪೈ ವಾಸನೆ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮ್ ಕೆಲಸ ಹೋಯ್ತಂತೆ."

"ಹೋಗೋದೇ ಇತ್ತು. ಯಾವನೋ ನಟ ಬರ್ತಾನಂತೆ."

"ಆ ಊರಲ್ಲಿ ನೀವೊಬ್ಬರೇ ಅವನ ಹೆಸರು ಹೇಳಿದ್ದು," ಅಂದಳು. ದೊಡ್ಡ ತುಂಡು ಪೈ ಕೊಟ್ಟಳು. ಅವಳ ಅಮ್ಮನ ಫೋಟೋ ತೋರಿಸಿದಳು, ಅಪ್ಪನದು ಒಂದೂ ಇಲ್ಲ, ದೋಣಿಯ ಜೊತೆ ಹೋಯಿತು. ಮುಂದಿನ ವಾರ ಸಭೆ ಮತ್ತೆ ಸೇರುತ್ತದಲ್ಲ, ನಾನು ಅವಳ ಪಕ್ಕದಲ್ಲಿ ಕೂತರೆ ಸಾಕು, ಮಾತಾಡದಿದ್ದರೂ ಪರವಾಗಿಲ್ಲ ಅಂದಳು.

ಅರ್ಧ ಪೈ ತಿಂದು ಚಮಚ ಕೆಳಗಿಟ್ಟೆ. ಸುಮ್ಮನೆ ಕೂತಿದ್ದು ಬರಬಹುದಿತ್ತು. ಆದರೆ ಅವಳು ನನ್ನನ್ನು ಒಳ್ಳೆಯವಳೆಂದು ನೋಡುತ್ತಿದ್ದಳು, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಹೊಗೆಯ ಮಾತು ಹೇಳಿದೆ. ಹಸಿರು ಬಾಗಿಲಿನ ಮಾತು ಹೇಳಿದೆ. ಆಮೇಲೆ ಭಾನುವಾರದ್ದು, ಯಾರಿಗೂ ಹೇಳಿಲ್ಲದ್ದು, ಡೆಲ್ಬರ್ಟ್‌ಗೂ ಹೇಳಿರಲಿಲ್ಲ.

ಎಂಟು ಚರ್ಚುಗಳ ಗಂಟೆಗಳು ಮೊಳಗುತ್ತಿದ್ದವು. ಒಂಬತ್ತನೆಯ ಚೀಟಿ, ನಮ್ಮದೇ ಚರ್ಚಿನದು, ಅಪ್ಪನ ಮೇಜಿನ ಮೇಲಿಟ್ಟೆ. ಇಟ್ಟು ಕೇಳಿದೆ: "ಅಪ್ಪಾ, ಮತ್ತೆ ಮೀನಿನವನು? ಪಿಕೆಟ್? ದೋಣಿ ಹೋಗಿದ್ದು ನಾನು ನೋಡ್ದೆ, ಒಲೆ ಉರೀತಿತ್ತು." ಅಪ್ಪ ಲೇಖನಿ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. "ಅವನು ಯಾವ ಚರ್ಚು, ಆರ್ಡಿ?" ಗೊತ್ತಿಲ್ಲ ಅಂದೆ. "ಹಾಗಾದ್ರೆ ಅವನನ್ನ ಎಲ್ಲಿ ಬರೀಲಿ, ಹೇಳು?" ನಿಜವಾಗಿ ಉತ್ತರ ಬೇಕೆನ್ನುವ ಹಾಗೆ ನನ್ನ ಮುಖ ನೋಡಿದರು. "ಹೋಗು, ಬಾರಿಸೋಕೆ ಹೇಳು," ಅಂದರು. ಓಡಿದೆ. ಅವತ್ತು ಗಂಟೆಯ ಹಗ್ಗಕ್ಕೆ ನನ್ನ ಕೈಯನ್ನೂ ಹಾಕಗೊಟ್ಟರು. ಅಂಗೈ ಸುಲಿಯುವವರೆಗೆ ಎಳೆದೆ.

ವನೀಟಾ ಕೇಳಿಸಿಕೊಂಡಳು. ನಾನು ಕಾಯುತ್ತಿದ್ದೆ. ಏನಕ್ಕೆ ಕಾಯುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು, ನಾಚಿಕೆ ಬಿಟ್ಟು ಬರೆಯುತ್ತೇನೆ. "ಹನ್ನೆರಡು ವರ್ಷದ ಮಗು ನೀವು, ನಿಮ್ಮದೇನು ತಪ್ಪು," ಅನ್ನುತ್ತಾಳೆ ಎಂದು. ಸೇತುವೆ ದಾಟುವಾಗಲೇ ಆ ಮಾತಿಗೆ ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದೆ.

"ನಮ್ಮಮ್ಮ ಸಾಯೋವರೆಗೂ ಒಂದು ಮಾತು ಹೇಳ್ತಿದ್ಲು," ಅಂದಳು ಅವಳು. "ನಾವು ಮೂವರೂ ದೊಡ್ಡಮ್ಮನ ಮನೆಗೆ ಹೋಗಿದೀವಿ ಅಂತ ಆ ಊರಿನೋರು ಅಂದ್ಕೊಂಡಿರ್ತಾರೆ, ಪಾಪ ಅವರಿಗೆ ಗೊತ್ತಿರ್ಲಿಲ್ಲ, ಗೊತ್ತಿದ್ದಿದ್ರೆ ಖಂಡಿತ ದೋಣಿ ಕಳಿಸ್ತಿದ್ರು, ಹುಡುಕ್ತಿದ್ರು ಅಂತ. ಅದೊಂದು ಮಾತಿನ ಮೇಲೇ ಮೂವತ್ತು ವರ್ಷ ಬದುಕಿದ್ಲು. ನಾನೂ ಅಷ್ಟೇ. ನಿಮ್ಮ ಸಭೆಗೆ ಬಂದು ಮರ್ಯಾದೆಯಿಂದ ಕೇಳಿದ್ದು ಯಾಕೆ ಅಂದ್ಕೊಂಡ್ರಿ? ಗೊತ್ತಿಲ್ದೆ ಬಿಟ್ಟಿದಾರೆ, ಗೊತ್ತಾದ್ರೆ ಸೇರಿಸ್ಕೋತಾರೆ ಅಂತ."

ನನ್ನ ತಟ್ಟೆ ತೆಗೆದುಕೊಂಡಳು. ಪೈ ಅರ್ಧ ಉಳಿದಿತ್ತು, ಅದನ್ನು ಕಸಕ್ಕೆ ಹಾಕಿ, ತಟ್ಟೆ ತೊಳೆದು, ಒರೆಸಿ, ಬೀರುವಿನಲ್ಲಿ ಇಟ್ಟಳು. ನನ್ನ ಕೋಟು ತಂದು ಕೊಟ್ಟಳು.

"ಸಭೆಗೆ ನಾನು ಬಂದು ಹೇಳ್ತೀನಿ," ಅಂದೆ.

"ನೀವು ನನ್ ಪಕ್ಕ ಕೂರೋದು ಬೇಡ," ಅಂದಳು. "ಬರೆದು ಕೊಡಿ. ನೋಡಿದ್ದು, ಕೇಳಿದ್ದು, ಎಲ್ಲ. ನಿಮ್ಮಪ್ಪನ ಹೆಸರು ಹಾಕಿ, ಅವರು ಕೇಳಿದ ಪ್ರಶ್ನೆ ಹಾಕಿ. ಕೆಳಗೆ ಸಹಿ ಮಾಡಿ."

ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು.

ನವೆಂಬರ್ 3, ಶುಕ್ರವಾರ

ಬೆಳಿಗ್ಗೆಯಿಂದ ಬರೆದೆ. ಮೂರು ಪುಟ ಆಯಿತು. ಎಲ್ಲ ಬಂತು, ಹೊಗೆ, ಸೈಕಲ್, ಚೀಟಿ, ಹಗ್ಗ. ಅಪ್ಪ ಅಂತ ಬರುವ ಕಡೆ "ಸಮಿತಿಯವರೊಬ್ಬರು" ಎಂದು ಬರೆದು, ಓದಿ, ಹರಿದು ಹಾಕಿ, ಮತ್ತೆ ಬರೆದು, ಆ ಜಾಗದಲ್ಲಿ ಅರ್ಧ ಸಾಲು ಖಾಲಿ ಬಿಟ್ಟೆ.

ವೆಸ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಸಭೆಯಲ್ಲಿ ಅವನು ಮೊದಲ ಸಲ ಕೇಳುವುದು ಬೇಡವೆಂದು.

"ನೀನು ಅಪ್ಪನಿಗೆ ಹೇಳಿದ್ಯಾ?" ಅಂದ. "ಅವತ್ತೇ?"

"ಹೇಳಿದ್ದೆ."

"ಯಾವತ್ತೂ ಯಾಕೆ ನಂಗೆ ಹೇಳ್ಲಿಲ್ಲ?"

"ಚಪ್ಪಾಳೆ ಬೀಳ್ತಿತ್ತಲ್ಲ," ಅಂದೆ.

"ಅಪ್ಪನ ಹೆಸರು ಹಾಕಿದ್ರೆ ಈ ಮನೆ ಊಟದ ಮೇಜಿಗೆ ನೀನು ಬರೋದು ಬೇಡ, ಆರ್ಡಿ. ಅಷ್ಟೇ ನಾನು ಹೇಳೋದು." ಇಟ್ಟುಬಿಟ್ಟ. ಸಿಟ್ಟಿನಲ್ಲಲ್ಲ, ಅಳುತ್ತಿದ್ದ ಎಂದು ನನ್ನ ಅನಿಸಿಕೆ.

ಕಾಫಿ ಕುಡಿದು ಬಂದು ಕೂತೆ. ಖಾಲಿ ಜಾಗದಲ್ಲಿ ರೈನ್‌ಹೋಲ್ಡ್ ಆಲರ್ಸ್ ಎಂದು ಬರೆದೆ, ಅದರ ಪಕ್ಕದಲ್ಲಿ, ಸಾಲು ಸಾಲದ್ದರಿಂದ ಚಿಕ್ಕ ಅಕ್ಷರದಲ್ಲಿ, ಅವರ ಮಗಳು ಆರ್ಡಿಸ್ ಎಂದೂ ಬರೆದೆ. ಲಕೋಟೆಯ ಮೇಲೆ ವನೀಟಾಳ ವಿಳಾಸ ಬರೆದೆ. ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕು ಇಪ್ಪತ್ತು. ನಡೆದುಕೊಂಡೇ ಹೋಗುತ್ತೇನೆ.